ಶಾಲೆಯ ಗಡಿ ಬದಲಾದಾಗ ಮಗುವಿನ ಎಎಪಿ ಏನಾಗುತ್ತದೆ? ಫೇರ್‌ಫ್ಯಾಕ್ಸ್ ಕೌಂಟಿಯ ಕನ್ನಡ ಪೋಷಕರಿಗೆ ಹಂತ ಹಂತದ ಮಾರ್ಗದರ್ಶಿ

"ನಮ್ಮ ಬೀದಿಯನ್ನ ಬೇರೆ ಶಾಲೆಗೆ ಹಾಕ್ತಾರಂತೆ, ಮಗನ ಎಎಪಿ ಸೀಟು ಹೋಗುತ್ತಾ?" "ಸೆಂಟರ್ ಸ್ಕೂಲಿನ ಪಕ್ಕದಲ್ಲೇ ಮನೆ ತಗೊಂಡರೆ ಮಗಳಿಗೆ ನೇರವಾಗಿ ಪ್ರವೇಶ ಸಿಗುತ್ತಾ?" ಹರ್ನ್‌ಡನ್, ಶಾಂಟಿಲಿ, ಸೆಂಟರ್‌ವಿಲ್ ಹೀಗೆ ಅಮೆರಿಕದ ವರ್ಜೀನಿಯಾ ರಾಜ್ಯದ ಫೇರ್‌ಫ್ಯಾಕ್ಸ್ ಕೌಂಟಿಯ ಊರುಗಳ ಕನ್ನಡ ಮನೆಗಳಲ್ಲಿ ಈ ಎರಡು ಪ್ರಶ್ನೆ ವರ್ಷಪೂರ್ತಿ ಓಡಾಡುತ್ತಿರುತ್ತವೆ. (ಎಎಪಿ ಅಂದರೆ ಓದಿನಲ್ಲಿ ಮುಂದಿರುವ ಮಕ್ಕಳಿಗೆ ಸರ್ಕಾರಿ ಶಾಲೆಗಳಲ್ಲಿ ಇರುವ ವಿಶೇಷ ವ್ಯವಸ್ಥೆ, ಸೆಂಟರ್ ಅಂದರೆ ಸುತ್ತಲಿನ ಶಾಲೆಗಳ ಅಂಥ ಮಕ್ಕಳು ಬಂದು ಸೇರುವ ಶಾಲೆ. ವಿವರ ಮುಂದೆ ಇದೆ.) ಎರಡಕ್ಕೂ ಚಿಕ್ಕ ಉತ್ತರ 'ಇಲ್ಲ' ಎಂದೇ. ಆದರೆ ಆ 'ಇಲ್ಲ'ದ ಹಿಂದಿನ ಕಾರಣ ತಿಳಿಯದೆ ಮನೆ ಮಾರಿದವರೂ ಇದ್ದಾರೆ, ಅರ್ಜಿಯ ಗಡುವು ತಪ್ಪಿಸಿಕೊಂಡವರೂ ಇದ್ದಾರೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬೆಂಗಳೂರಿನಲ್ಲಿ ಬೆಳೆದ ನಮಗೆ ಇಲ್ಲಿನ ಪದ್ಧತಿ ಹೊಸದು. ಅಲ್ಲಿ ಮನೆ ಜಯನಗರದಲ್ಲಿದ್ದರೂ ಮಗು ಹತ್ತು ಕಿಲೋಮೀಟರ್ ದೂರದ ಶಾಲೆಯ ವ್ಯಾನು ಹತ್ತುತ್ತದೆ. ಅರ್ಜಿ ಹಾಕಿ, ಸಂದರ್ಶನ ಮುಗಿಸಿ, ಫೀಸು ಕಟ್ಟಿದರೆ ಸೀಟು. ಇಲ್ಲಿನ ಸರ್ಕಾರಿ ಶಾಲೆಗೆ ವಿಳಾಸವೇ ಸೀಟು. ಆ ವಿಳಾಸದ ಸುತ್ತ ಗೆರೆ ಎಳೆಯುವುದು ಸ್ಕೂಲ್ ಬೋರ್ಡು, ಅದನ್ನು ಅಳಿಸಿ ಮತ್ತೆ ಎಳೆಯುವ ಅಧಿಕಾರವೂ ಅದರದ್ದೇ. ಫೇರ್‌ಫ್ಯಾಕ್ಸ್ ಸ್ಕೂಲ್ ಬೋರ್ಡು 2024ರ ಜುಲೈನಲ್ಲಿ ತನ್ನ 8130ನೇ ನೀತಿಯನ್ನು ತಿದ್ದಿ, ಇಡೀ ಕೌಂಟಿಯ ಶಾಲಾ ಗಡಿಗಳನ್ನು ಐದು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎಂದು ಮಾಡಿತು. ಅಂದರೆ ಕಿಂಡರ್‌ಗಾರ್ಟನ್ ಸೇರುವ ಮಗು ಹನ್ನೆರಡನೇ ತರಗತಿ ಮುಗಿಸುವಷ್ಟರಲ್ಲಿ ಇಂಥ ಪರಿಶೀಲನೆ ಎರಡು ಸಲವಾದರೂ ಬಂದುಹೋಗುತ್ತದೆ. ಈ ಸಲ ತಪ್ಪಿಸಿಕೊಂಡೆವು ಎಂದು ಸುಮ್ಮನಾಗುವ ಹಾಗಿಲ್ಲ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಕೂರಿಸಿಕೊಳ್ಳಿ: ಶಾಲೆಯ ಗಡಿ ಒಂದು ತೀರ್ಮಾನ, ಎಎಪಿ ಯಾವ ಕಟ್ಟಡದಲ್ಲಿ ನಡೆಯಬೇಕು ಎನ್ನುವುದು ಇನ್ನೊಂದು ತೀರ್ಮಾನ. ಎರಡೂ ಬೇರೆ ಬೇರೆಯಾಗಿ ಬದಲಾಗಬಹುದು, ಒಟ್ಟಿಗೂ ಬದಲಾಗಬಹುದು. ನಾನು ಕಂಡ ಗೊಂದಲಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇವೆರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ಪದಗಳ ಪರಿಚಯ

ಬೇಸ್ ಸ್ಕೂಲು ಅಂದರೆ ನಿಮ್ಮ ವಿಳಾಸಕ್ಕೆ ಗೊತ್ತುಮಾಡಿದ ಶಾಲೆ. ಎಲಿಮೆಂಟರಿ, ಮಿಡ್ಲ್, ಹೈಸ್ಕೂಲು ಎಂದು ಮೂರು ಇರುತ್ತವೆ. ಒಂದು ಹೈಸ್ಕೂಲು, ಅದಕ್ಕೆ ಮಕ್ಕಳನ್ನು ಕಳಿಸುವ ಮಿಡ್ಲ್ ಸ್ಕೂಲು ಮತ್ತು ಎಲಿಮೆಂಟರಿಗಳು ಸೇರಿದರೆ ಅದನ್ನು 'ಪಿರಮಿಡ್' ಎನ್ನುತ್ತಾರೆ.

ಎಎಪಿ ಅಂದರೆ ಅಡ್ವಾನ್ಸ್ಡ್ ಅಕಾಡೆಮಿಕ್ ಪ್ರೋಗ್ರಾಮ್ಸ್. ಓದಿನಲ್ಲಿ ಮುಂದಿರುವ, ಹೆಚ್ಚಿನ ಸವಾಲು ಬೇಕಾದ ಮಕ್ಕಳಿಗಾಗಿ ಇರುವ ವ್ಯವಸ್ಥೆ. ಇದರಲ್ಲಿ ನಾಲ್ಕು ಮೆಟ್ಟಿಲು. ಲೆವೆಲ್ ಒಂದು, ತರಗತಿಯ ಎಲ್ಲ ಮಕ್ಕಳಿಗೂ ಕಲಿಸುವ ಚಿಂತನೆಯ ಪಾಠಗಳು. ಲೆವೆಲ್ ಎರಡು, ಮಗು ಯಾವ ವಿಷಯದಲ್ಲಿ ಗಟ್ಟಿಯೋ ಆ ವಿಷಯದಲ್ಲಿ ಕೊಡುವ ಹೆಚ್ಚಿನ ಕೆಲಸ. ಲೆವೆಲ್ ಮೂರು, ವಾರದಲ್ಲಿ ಸ್ವಲ್ಪ ಹೊತ್ತು ನಡೆಯುವ ಅರೆಕಾಲಿಕ ಪಾಠ. ಲೆವೆಲ್ ನಾಲ್ಕು, ಮೂರನೇ ತರಗತಿಯಿಂದ ಎಂಟನೆಯವರೆಗೆ ಪೂರ್ಣಾವಧಿ. ನಮ್ಮವರು "ಎಎಪಿ ಸಿಕ್ತು" ಅನ್ನುವುದು ಈ ನಾಲ್ಕನೆಯದಕ್ಕೆ.

ಲೆವೆಲ್ ನಾಲ್ಕು ಎರಡು ಕಡೆ ಸಿಗುತ್ತದೆ. ಒಂದು 'ಸೆಂಟರ್', ಅಂದರೆ ಸುತ್ತಲಿನ ಹಲವು ಬೇಸ್ ಸ್ಕೂಲುಗಳ ಅರ್ಹ ಮಕ್ಕಳನ್ನು ಒಟ್ಟುಗೂಡಿಸುವ ಶಾಲೆ. ಓಕ್ ಹಿಲ್, ಗ್ರೀನ್‌ಬ್ರಿಯರ್ ವೆಸ್ಟ್, ಬುಲ್ ರನ್, ಹೇಕಾಕ್, ಲೂಯಿಸ್ ಆರ್ಚರ್ ಇಂಥವು ನಮ್ಮವರ ಬಾಯಲ್ಲಿ ಹೆಚ್ಚು ಕೇಳುವ ಹೆಸರುಗಳು. ಇನ್ನೊಂದು 'ಲೋಕಲ್ ಲೆವೆಲ್ ಫೋರ್', ಅಂದರೆ ಮಗುವಿನ ಬೇಸ್ ಸ್ಕೂಲಿನಲ್ಲೇ ನಡೆಸುವ ಅದೇ ಪಠ್ಯಕ್ರಮ.

ಸ್ಪ್ಲಿಟ್ ಫೀಡರ್ ಅಂದರೆ ಒಂದೇ ಶಾಲೆಯಲ್ಲಿ ಓದಿದ ಮಕ್ಕಳು ಮುಂದೆ ಎರಡು ಬೇರೆ ಶಾಲೆಗಳಿಗೆ ಹಂಚಿಹೋಗುವುದು. ಅಟೆಂಡೆನ್ಸ್ ಐಲ್ಯಾಂಡ್ ಅಂದರೆ ಒಂದು ಶಾಲೆಯ ವ್ಯಾಪ್ತಿಯ ತುಂಡೊಂದು ಉಳಿದ ಭಾಗಕ್ಕೆ ಅಂಟಿಕೊಳ್ಳದೆ ದೂರದಲ್ಲಿ ದ್ವೀಪದ ಹಾಗೆ ಉಳಿದಿರುವುದು. ಗಡಿ ಸರಿಪಡಿಸಲು ಕೂತವರ ಕಣ್ಣು ಮೊದಲು ಬೀಳುವುದು ಇವೆರಡರ ಮೇಲೆ.

ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದವು

ಮನೆಯ ಪತ್ರ ಅಥವಾ ಬಾಡಿಗೆ ಕರಾರು. ಮಗುವಿನ ಇತ್ತೀಚಿನ ರಿಪೋರ್ಟ್ ಕಾರ್ಡು. ಒಂದನೇ ತರಗತಿಯ ಎನ್‌ನ್ಯಾಟ್ ಮತ್ತು ಎರಡನೇ ತರಗತಿಯ ಕಾಗ್ಯಾಟ್ ಪರೀಕ್ಷೆಗಳ ಅಂಕಪತ್ರ (ಇವೆರಡೂ ಶಾಲೆಯಲ್ಲೇ ನಡೆಸುವ, ಪಾಠಕ್ಕಿಂತ ಯೋಚನಾಶಕ್ತಿಯನ್ನು ಅಳೆಯುವ ಪರೀಕ್ಷೆಗಳು). ಅರ್ಹತೆ ಸಿಕ್ಕಿದ್ದರೆ ಅದರ ಪತ್ರ. ಜೊತೆಗೆ ನಿಮ್ಮ ಮನೆ ಇರುವ ಭಾಗದ ನಕ್ಷೆಯ ಒಂದು ಮುದ್ರಿತ ಪ್ರತಿ. ಫೋನಿನಲ್ಲಿ ನೋಡಿದರೆ ಸಾಲದು. ನಾವು ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂತ ರಾತ್ರಿ ಗೊತ್ತಾಯಿತು, ಗೆರೆ ನಮ್ಮ ಬೀದಿಯ ನಡುವಿನಲ್ಲೇ ಹಾದುಹೋಗಿತ್ತು. ಎದುರುಮನೆಯ ಹುಡುಗಿಯೂ ನಮ್ಮ ಮಗಳೂ ಒಂದೇ ಬಸ್ಸಿಗೆ ಕಾಯುತ್ತಿದ್ದವರು. ಮೇಜಿನ ಮೇಲಿನ ಕಾಗದದಲ್ಲಿ ಅವರಿಬ್ಬರ ಮನೆಗೆ ಎರಡು ಬಣ್ಣ. ಫೋನಿನ ಪರದೆಯಲ್ಲಿ ಆ ಗೆರೆ ನಮಗೆ ಕಂಡೇ ಇರಲಿಲ್ಲ.

ಹಂತ 1: ಐದು ಶಾಲೆಗಳ ಹೆಸರು ಬರೆಯಿರಿ

ಎಫ್‌ಸಿಪಿಎಸ್ (ಫೇರ್‌ಫ್ಯಾಕ್ಸ್ ಕೌಂಟಿ ಪಬ್ಲಿಕ್ ಸ್ಕೂಲ್ಸ್) ಜಾಲತಾಣದಲ್ಲಿ 'ಬೌಂಡರಿ ಲೊಕೇಟರ್' ಇದೆ. ವಿಳಾಸ ಹಾಕಿದರೆ ಮೂರು ಬೇಸ್ ಸ್ಕೂಲುಗಳ ಹೆಸರು ಬರುತ್ತದೆ. ಆಮೇಲೆ ನಿಮ್ಮ ಬೇಸ್ ಎಲಿಮೆಂಟರಿಗೆ ಯಾವ ಎಲಿಮೆಂಟರಿ ಸೆಂಟರ್ ಗೊತ್ತುಮಾಡಿದ್ದಾರೆ, ಯಾವ ಮಿಡ್ಲ್ ಸ್ಕೂಲ್ ಸೆಂಟರ್ ಗೊತ್ತುಮಾಡಿದ್ದಾರೆ ಎನ್ನುವುದನ್ನು ಎಎಪಿ ವಿಭಾಗದ ಪಟ್ಟಿಯಲ್ಲಿ ನೋಡಿ. ಒಟ್ಟು ಐದು ಹೆಸರು.

ಈ ಐದನ್ನು ಒಂದೇ ಹಾಳೆಯಲ್ಲಿ ಸಾಲಾಗಿ ಬರೆದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಸೆಂಟರಿನ ದಾರಿ ಮತ್ತು ಬೇಸ್ ಸ್ಕೂಲಿನ ದಾರಿ ಅಕ್ಕಪಕ್ಕದಲ್ಲಿ ಸಾಗಿ, ಎಂಟನೇ ತರಗತಿ ಮುಗಿದ ಮೇಲೆ ಒಂದೇ ಹೈಸ್ಕೂಲಿಗೆ ಬಂದು ಸೇರುತ್ತವೆ. ಹೈಸ್ಕೂಲಿನಲ್ಲಿ ಸೆಂಟರ್ ಎನ್ನುವುದಿಲ್ಲ. ಮಗು ಆರು ವರ್ಷ ಸೆಂಟರುಗಳಲ್ಲಿ ಓದಿದ್ದರೂ ಒಂಬತ್ತನೇ ತರಗತಿಗೆ ತನ್ನ ವಿಳಾಸದ ಹೈಸ್ಕೂಲಿಗೇ ಹೋಗಬೇಕು. ಅಷ್ಟು ವರ್ಷ ಜೊತೆಗಿದ್ದ ಗೆಳೆಯರು ಬೇರೆ ಪಿರಮಿಡ್ಡಿನವರಾದರೆ ಅಲ್ಲಿ ದಾರಿ ಕವಲೊಡೆಯುತ್ತದೆ. ಇದನ್ನು ಮೂರನೇ ತರಗತಿಯಲ್ಲೇ ತಿಳಿದಿದ್ದರೆ ಮಗುವಿಗೂ ನಿಮಗೂ ಒಳ್ಳೆಯದು.

ಎಚ್ಚರಿಕೆ: ಮನೆ ಮಾರುವ ಜಾಲತಾಣಗಳಲ್ಲಿ ಬರೆದಿರುವ ಶಾಲೆಯ ಹೆಸರನ್ನು ನಂಬಬೇಡಿ. ಅವು ಹಳೆಯದಾಗಿರಬಹುದು. ಬೌಂಡರಿ ಲೊಕೇಟರ್ ಹೇಳಿದ್ದೇ ಅಂತಿಮ.

ಹಂತ 2: ಮಗುವಿನ ಅರ್ಹತೆಯನ್ನು ವಿಳಾಸದಿಂದ ಬೇರೆ ಮಾಡಿ ನೋಡಿ

ಲೆವೆಲ್ ನಾಲ್ಕರ ಅರ್ಹತೆ ಮಗುವಿಗೆ ಸಿಗುತ್ತದೆ, ಮನೆಗಲ್ಲ. ಒಮ್ಮೆ ಅರ್ಹತೆ ಸಿಕ್ಕರೆ ಎಫ್‌ಸಿಪಿಎಸ್‌ನಲ್ಲಿ ಓದುವಷ್ಟು ಕಾಲ ಎಂಟನೇ ತರಗತಿಯವರೆಗೆ ಅದು ಉಳಿಯುತ್ತದೆ. ಪ್ರತಿ ವರ್ಷ ಪರೀಕ್ಷೆ ಬರೆಯಬೇಕಾಗಿಲ್ಲ. ನಿಮ್ಮ ಬೀದಿಯನ್ನು ಬೇರೆ ಶಾಲೆಗೆ ಹಾಕಿದರೂ ಅರ್ಹತೆ ಅಳಿಯುವುದಿಲ್ಲ. ಬದಲಾಗಬಹುದಾದದ್ದು, ಆ ಅರ್ಹತೆಯನ್ನು ಬಳಸುವ ಕಟ್ಟಡ.

ಇದೇ ಮಾತು ತಿರುಗಿಸಿ ಹೇಳಿದರೂ ನಿಜ. ಸೆಂಟರ್ ಸ್ಕೂಲಿನ ವ್ಯಾಪ್ತಿಯೊಳಗೇ ಮನೆ ಇದ್ದರೆ ಮಗು ಆ ಶಾಲೆಗೆ ಹೋಗುತ್ತದೆ, ಆದರೆ ಸಾಮಾನ್ಯ ತರಗತಿಗೆ. ಆ ಶಾಲೆಯ ಲೆವೆಲ್ ನಾಲ್ಕರ ತರಗತಿಗೆ ಸೇರಲು ಅರ್ಹತೆ ಬೇಕೇ ಬೇಕು. ಅಣ್ಣನಿಗೆ ಸಿಕ್ಕಿದೆ ಎಂದು ತಂಗಿಗೆ ತಾನಾಗಿ ಸಿಗುವುದಿಲ್ಲ.

ಅರ್ಹತೆಗಾಗಿ ಇನ್ನೂ ಅರ್ಜಿ ಹಾಕಬೇಕಾದವರು ಮೊದಲು ಹುಡುಕಬೇಕಾದದ್ದು ಶಾಲೆಯ ಎಎಆರ್‌ಟಿಯನ್ನು, ಅಂದರೆ ಅಡ್ವಾನ್ಸ್ಡ್ ಅಕಾಡೆಮಿಕ್ ರಿಸೋರ್ಸ್ ಟೀಚರನ್ನು. ಎಲಿಮೆಂಟರಿಗಳಲ್ಲಿ ಎಎಪಿಯ ಕೆಲಸವೆಲ್ಲ ನೋಡಿಕೊಳ್ಳುವವರು ಇವರೇ. ಪೋಷಕರು ತಾವೇ ಮಗುವಿನ ಹೆಸರು ಸೂಚಿಸುವ ಅರ್ಜಿಗೆ ರೆಫರಲ್ ಎನ್ನುತ್ತಾರೆ. ಇದರ ಗಡುವು ಸಾಮಾನ್ಯವಾಗಿ ಡಿಸೆಂಬರ್ ನಡುವಿಗೆ ಬರುತ್ತದೆ, ಫಲಿತಾಂಶ ವಸಂತದಲ್ಲಿ. ಸಮಿತಿಯವರು ಪರೀಕ್ಷೆಯ ಅಂಕ ಒಂದನ್ನೇ ನೋಡುವುದಿಲ್ಲ. ಶಿಕ್ಷಕರ ಅಭಿಪ್ರಾಯ, ರಿಪೋರ್ಟ್ ಕಾರ್ಡು, ಮಗುವಿನ ಕೆಲಸದ ಮಾದರಿಗಳು, ಎಲ್ಲವನ್ನೂ ಒಟ್ಟಿಗೆ ಇಟ್ಟು ತೂಗುತ್ತಾರೆ.

ಇಲ್ಲಿ ನಮ್ಮವರು ಮಾಡುವ ತಪ್ಪು ಒಂದಿದೆ. ಕೆಲಸದ ಮಾದರಿ ಎಂದರೆ ಕೋಚಿಂಗ್ ಕ್ಲಾಸಿನ ವರ್ಕ್‌ಶೀಟುಗಳನ್ನು ಕಳಿಸುವುದು. ಐವತ್ತು ಗುಣಾಕಾರ ತಪ್ಪಿಲ್ಲದೆ ಮಾಡಿದ ಹಾಳೆಯಿಂದ ಮಗು ಹೇಗೆ ಯೋಚಿಸುತ್ತದೆ ಎನ್ನುವುದು ಯಾರಿಗೂ ತಿಳಿಯುವುದಿಲ್ಲ. ಅಜ್ಜಿಯ ಜೊತೆ ಚೌಕಾಬಾರ ಆಡುತ್ತಾ ಮಗು ತಾನೇ ಹೊಸ ನಿಯಮ ಸೇರಿಸಿ, ಅದನ್ನು ತನ್ನ ಅಂಕುಡೊಂಕು ಅಕ್ಷರದಲ್ಲಿ ಬರೆದಿಟ್ಟಿದ್ದರೆ ಆ ಹಾಳೆ ನೂರು ವರ್ಕ್‌ಶೀಟಿಗಿಂತ ಹೆಚ್ಚು ಮಾತಾಡುತ್ತದೆ.

ಅರ್ಹತೆ ಸಿಗದಿದ್ದರೆ ಮೇಲ್ಮನವಿಗೆ ಅವಕಾಶವಿದೆ, ಮುಂದಿನ ವರ್ಷ ಮತ್ತೆ ರೆಫರಲ್ ಹಾಕಲೂಬಹುದು. ಮೇಲ್ಮನವಿಗೆ ಹೊಸ ಮಾಹಿತಿ ಬೇಕು. ಹಳೆಯ ಕಾಗದಗಳನ್ನೇ ಮತ್ತೆ ಜೋಡಿಸಿ ಕಳಿಸಿದರೆ ಪ್ರಯೋಜನವಿಲ್ಲ.

ಹಂತ 3: ಪ್ರಸ್ತಾಪ ಯಾಕೆ ಬಂತು ಎಂದು ಓದಿ

ಗಡಿ ಬದಲಾವಣೆಯ ಸುದ್ದಿ ವಾಟ್ಸಾಪಿನಲ್ಲಿ ಬರುವ ಹೊತ್ತಿಗೆ ಅದರ ಮೂಲದ ಅಂಕಿಗಳು ಪ್ರಕಟವಾಗಿ ತಿಂಗಳುಗಳೇ ಆಗಿರುತ್ತವೆ. ಅವು ಇರುವುದು ಸಿಐಪಿ ಎನ್ನುವ ದಾಖಲೆಯಲ್ಲಿ. ಕ್ಯಾಪಿಟಲ್ ಇಂಪ್ರೂವ್‌ಮೆಂಟ್ ಪ್ರೋಗ್ರಾಮ್ ಎಂಬ ಈ ಕಡತ ಪ್ರತಿ ಚಳಿಗಾಲದಲ್ಲಿ ಬೋರ್ಡಿನ ಮುಂದೆ ಬರುತ್ತದೆ. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಜಾಗ, ಈಗ ಎಷ್ಟು ಮಕ್ಕಳಿದ್ದಾರೆ, ಇನ್ನು ಐದು ವರ್ಷಕ್ಕೆ ಎಷ್ಟಾಗಬಹುದು ಎಂದು ಶಾಲೆವಾರು ಕೊಟ್ಟಿರುತ್ತಾರೆ. ನಿಮ್ಮ ಐದು ಶಾಲೆಗಳ ಸಾಲುಗಳನ್ನು ಮಾತ್ರ ಹುಡುಕಿ ಓದಿದರೆ ಸಾಕು.

ಓದುವಾಗ ಒಂದು ಲೆಕ್ಕ ಮಾಡಿ. ಉದಾಹರಣೆಗೆ ಒಂದು ಸೆಂಟರ್ ಎಲಿಮೆಂಟರಿಗೆ 800 ಮಕ್ಕಳ ಜಾಗ ಇದೆ, ಓದುತ್ತಿರುವವರು 880 ಎಂದಿಟ್ಟುಕೊಳ್ಳಿ. ತುಂಬುವಿಕೆ ನೂರಕ್ಕೆ 110. ಆಟದ ಮೈದಾನದ ಅಂಚಿನಲ್ಲಿ ಟ್ರೇಲರ್ ತರಗತಿಗಳು ನಿಂತಿವೆ, ಮೊದಲ ಪಂಗಡದ ಊಟ ಬೆಳಗ್ಗೆ ಹತ್ತೂವರೆಗೇ ಶುರು. ಈ 880ರಲ್ಲಿ 200 ಮಕ್ಕಳು ಬೇರೆ ಬೇಸ್ ಸ್ಕೂಲುಗಳಿಂದ ಲೆವೆಲ್ ನಾಲ್ಕಕ್ಕಾಗಿ ಬರುವವರು. ಈಗ ಒತ್ತಡ ಇಳಿಸಲು ಎರಡು ದಾರಿ.

ಮೊದಲನೆಯದು, ಗಡಿಯ ಗೆರೆ ಒಳಕ್ಕೆ ಸರಿಸುವುದು. ಆಗ ಶಾಲೆಯ ಸುತ್ತಲಿನ ಕೆಲವು ಬೀದಿಗಳ ಮಕ್ಕಳು ಬೇರೆ ಶಾಲೆಗೆ ಹೋಗುತ್ತಾರೆ. ನಡೆದುಕೊಂಡು ಬರುತ್ತಿದ್ದ ಮಗು ಬಸ್ಸು ಹತ್ತಬೇಕು, ದೂರದಿಂದ ಬರುವ ಸೆಂಟರ್ ಮಗು ಹಾಗೇ ಉಳಿಯುತ್ತದೆ. ನೆರೆಯವರಿಗೆ ಇದು ಅನ್ಯಾಯವಾಗಿ ಕಾಣುವುದು ಸಹಜ.

ಎರಡನೆಯದು, ಗೆರೆಯನ್ನು ಮುಟ್ಟದೆ ಕಾರ್ಯಕ್ರಮವನ್ನೇ ಹಂಚುವುದು. ಮಕ್ಕಳನ್ನು ಕಳಿಸುತ್ತಿರುವ ಬೇಸ್ ಸ್ಕೂಲುಗಳಲ್ಲಿ ಲೋಕಲ್ ಲೆವೆಲ್ ಫೋರ್ ಶುರು ಮಾಡುವುದು, ಅಥವಾ ಇನ್ನೊಂದು ಸೆಂಟರ್ ತೆರೆಯುವುದು. ಆಗ ನೆರೆಹೊರೆ ಒಡೆಯುವುದಿಲ್ಲ. ಆದರೆ ಸಣ್ಣ ಶಾಲೆಯೊಂದರಲ್ಲಿ ನಾಲ್ಕನೇ ತರಗತಿಗೆ ಒಂಬತ್ತೇ ಅರ್ಹ ಮಕ್ಕಳಿದ್ದರೆ ಪೂರ್ತಿ ತರಗತಿ ಆಗುವುದಿಲ್ಲ. ಆಗ ಪ್ರಿನ್ಸಿಪಾಲರು ಇನ್ನಷ್ಟು ಮಕ್ಕಳನ್ನು ಸೇರಿಸಿ ತರಗತಿ ತುಂಬಿಸುತ್ತಾರೆ, ಇಲ್ಲವೇ ಆ ಒಂಬತ್ತು ಮಕ್ಕಳನ್ನು ಒಂದು ಗುಂಪಾಗಿ ಸಾಮಾನ್ಯ ತರಗತಿಯೊಳಗೆ ಕೂರಿಸುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಸೆಂಟರಿನಿಂದಾಗಿಯೇ ಶಾಲೆ ತುಂಬಿದ್ದರೆ ಮೊದಲು ಕಾರ್ಯಕ್ರಮವನ್ನು ಹಂಚಿ ನೋಡಬೇಕು, ಗೆರೆಗೆ ಆಮೇಲೆ ಕೈಹಾಕಬೇಕು. ಮನೆಯ ಹತ್ತಿರದ ಶಾಲೆಯಲ್ಲೇ ಗಟ್ಟಿ ಓದು ಸಿಗುವುದು ಎಲ್ಲ ಮಕ್ಕಳಿಗೂ ಒಳ್ಳೆಯದು. ಮುಂದಿರುವ ಮಕ್ಕಳೆಲ್ಲ ಬಸ್ಸು ಹತ್ತಿ ಹೋದರೆ ಉಳಿದ ಶಾಲೆಯ ತರಗತಿಯೂ ಸೊರಗುತ್ತದೆ. ಆದರೆ ಹಂಚುವುದಾದರೆ ತರಬೇತಿ ಪಡೆದ ಶಿಕ್ಷಕರನ್ನೂ ಜೊತೆಗೆ ಕೊಡಬೇಕು. ಬಾಗಿಲಿಗೆ ಬೋರ್ಡು ತಗುಲಿಸಿದ ಮಾತ್ರಕ್ಕೆ ಲೆವೆಲ್ ಫೋರ್ ಆಗುವುದಿಲ್ಲ. ನಿಮ್ಮ ಅಭಿಪ್ರಾಯ ಬೇರೆ ಇರಬಹುದು. ಯಾವುದೇ ಇರಲಿ, ಪ್ರಸ್ತಾಪ ಈ ಎರಡರಲ್ಲಿ ಯಾವ ದಾರಿ ಹಿಡಿದಿದೆ ಎಂದು ಗುರುತಿಸದೆ ವಾದಕ್ಕೆ ಇಳಿಯಬೇಡಿ.

ಹೊಸ ಶಾಲೆ ಬಂದಾಗಲೂ ಗೆರೆಗಳು ಅಲುಗಾಡುತ್ತವೆ. 2025ರಲ್ಲಿ ಎಫ್‌ಸಿಪಿಎಸ್ ಹರ್ನ್‌ಡನ್ ಬಳಿಯ ಕಿಂಗ್ ಅಬ್ದುಲ್ಲಾ ಅಕಾಡೆಮಿಯ ಕಟ್ಟಡವನ್ನು 15 ಕೋಟಿ ಡಾಲರಿಗೆ ಕೊಂಡು, ಕೌಂಟಿಯ ಪಶ್ಚಿಮ ಭಾಗಕ್ಕೆ ಹೊಸ ಹೈಸ್ಕೂಲು ಮಾಡಲು ಹೊರಟಿತು. ಒಂದು ಹೈಸ್ಕೂಲು ಹೊಸದಾಗಿ ಬಂದರೆ ಅದಕ್ಕೆ ಮಕ್ಕಳು ಸುತ್ತಲಿನ ಹೈಸ್ಕೂಲುಗಳಿಂದಲೇ ಬರಬೇಕು. ಹಾಗಾಗಿ ಆ ಭಾಗದಲ್ಲಿರುವವರು ಹಂತ 1ರ ಹಾಳೆಯನ್ನು ಒಮ್ಮೆ ಬರೆದು ಮಡಿಸಿಡದೆ, ಪ್ರತಿ ವರ್ಷ ಹೊಸದಾಗಿ ಬರೆಯಬೇಕು.

ಹಂತ 4: ಮಗುವಿನ ವರ್ಷಗಳನ್ನು ಎಣಿಸಿ

ಹೊಸ ಗಡಿ ಜಾರಿಗೆ ಬರುವ ವರ್ಷ ನಿಮ್ಮ ಮಗು ಯಾವ ತರಗತಿಯಲ್ಲಿರುತ್ತದೆ? ಹಾಳೆಯ ಮೇಲೆ ಅಡ್ಡಸಾಲಿನಲ್ಲಿ ವರ್ಷಗಳನ್ನೂ ಕೆಳಗೆ ತರಗತಿಯನ್ನೂ ಬರೆಯಿರಿ. ಇಬ್ಬರು ಮಕ್ಕಳಿದ್ದರೆ ಎರಡು ಸಾಲು. ಎರಡನೆಯವರದ್ದನ್ನು ಮರೆಯುವವರೇ ಜಾಸ್ತಿ.

ಶಾಲೆಯ ಕೊನೆಯ ವರ್ಷಗಳಲ್ಲಿರುವ ಮಕ್ಕಳನ್ನು ಅದೇ ಶಾಲೆಯಲ್ಲಿ ಮುಗಿಸಲು ಬಿಡುವುದಕ್ಕೆ ಗ್ರ್ಯಾಂಡ್‌ಫಾದರಿಂಗ್ ಅಥವಾ ಫೇಸಿಂಗ್ ಎನ್ನುತ್ತಾರೆ. ಪ್ರಸ್ತಾಪದ ಜೊತೆಯಲ್ಲೇ ಇದರ ವಿವರ ಇರುತ್ತದೆ. ಅದರಲ್ಲಿ ಈ ನಾಲ್ಕನ್ನು ಹುಡುಕಿ: ಯಾವ ತರಗತಿಯವರಿಗೆ ಉಳಿಯಲು ಅವಕಾಶ, ಅದು ತಾನಾಗಿ ಸಿಗುತ್ತದೋ ಅರ್ಜಿ ಹಾಕಬೇಕೋ, ಉಳಿದವರಿಗೆ ಬಸ್ಸು ಇದೆಯೋ ಇಲ್ಲವೋ, ತಮ್ಮ-ತಂಗಿಯರಿಗೆ ಅನ್ವಯಿಸುತ್ತದೋ ಇಲ್ಲವೋ.

ಮೂರನೆಯದು ಬಹಳ ಮನೆಗಳಿಗೆ ಕೈಕೊಟ್ಟಿದೆ. ಉಳಿಯಲು ಅನುಮತಿ ಸಿಕ್ಕಿದ ಖುಷಿಯಲ್ಲಿ ಬಸ್ಸಿನ ಸಾಲು ಓದಿರುವುದಿಲ್ಲ. ಆಗಸ್ಟಿನಲ್ಲಿ ಶಾಲೆ ಶುರುವಾದಾಗ ದಿನಕ್ಕೆ ಎರಡು ಸಲ ಕಾರಿನಲ್ಲಿ ಬಿಟ್ಟು ತರುವ ಕೆಲಸ ಹೆಗಲಿಗೆ ಬೀಳುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಸೆಂಟರಿನಲ್ಲಿ ಓದುತ್ತಿರುವ ಮಗುವಿಗೆ ಐದನೆಯ ಪ್ರಶ್ನೆಯೊಂದಿದೆ. ನಿಮ್ಮ ಬೇಸ್ ಸ್ಕೂಲು ಬದಲಾದರೆ ಹೊಸ ಬೇಸ್ ಸ್ಕೂಲಿಗೆ ಗೊತ್ತುಮಾಡಿದ ಸೆಂಟರ್ ಬೇರೆಯದಾಗಿರಬಹುದು. ಈಗಿನ ಸೆಂಟರಿನಲ್ಲೇ ಮುಂದುವರಿಯಬಹುದೇ ಎಂದು ಬರಹದಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಆಫೀಸಿನ ಕಿಟಕಿಯಲ್ಲಿ ಯಾರೋ "ಆಗುತ್ತೆ ಬಿಡಿ" ಎಂದದ್ದನ್ನು ನಂಬಿ ನಾವು ಒಂದು ಬೇಸಿಗೆ ಪೂರ್ತಿ ನಿಶ್ಚಿಂತೆಯಿಂದ ಇದ್ದೆವು. ಆಗಲಿಲ್ಲ. ಅವತ್ತಿನಿಂದ ಮುಖ್ಯವಾದ ಯಾವ ಉತ್ತರವನ್ನೂ ಇಮೇಲಿನಲ್ಲಿ ಬಾರದೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹಂತ 5: ಸೆಂಟರೋ, ಲೋಕಲ್ಲೋ?

ಬೇಸ್ ಸ್ಕೂಲಿನಲ್ಲಿ ಲೋಕಲ್ ಲೆವೆಲ್ ಫೋರ್ ಇದ್ದರೆ ಅರ್ಹ ಮಗುವಿನ ಪೋಷಕರಿಗೆ ಆಯ್ಕೆ ಇದೆ. ಈಚಿನ ವರ್ಷಗಳಲ್ಲಿ ಇಂಥ ಶಾಲೆಗಳು ಹೆಚ್ಚಾಗಿವೆ. "ಸೆಂಟರೇ ಮೇಲು" ಎಂದು ಕಣ್ಣುಮುಚ್ಚಿ ನಿರ್ಧರಿಸುವ ಮೊದಲು ಎರಡೂ ಶಾಲೆಯ ಪರಿಚಯ ಸಭೆಗಳಿಗೆ ಹೋಗಿ ಇವನ್ನು ಕೇಳಿ: ನಮ್ಮ ಮಗುವಿನ ತರಗತಿಯಲ್ಲಿ ಅರ್ಹ ಮಕ್ಕಳು ಎಷ್ಟು? ಅವರಿಗೆ ಪ್ರತ್ಯೇಕ ತರಗತಿಯೋ, ಗುಂಪೋ? ಗಣಿತವನ್ನು ಹೇಗೆ ಮುಂದಕ್ಕೆ ಒಯ್ಯುತ್ತೀರಿ? ಕಲಿಸುವವರಿಗೆ ಈ ಮಕ್ಕಳಿಗೆ ಪಾಠ ಮಾಡುವ ತರಬೇತಿ ಆಗಿದೆಯೇ?

ಉತ್ತರ ನೇರವಾಗಿ ಬಂದರೆ, ಮಗುವಿಗೆ ಜೊತೆಗಾರರು ಸಾಕಷ್ಟಿದ್ದರೆ, ಲೋಕಲ್ ಒಳ್ಳೆಯ ಆಯ್ಕೆ. ಬಸ್ಸಿನಲ್ಲಿ ಕಳೆಯುವ ಹೊತ್ತು ಉಳಿಯುತ್ತದೆ, ಬೀದಿಯ ಗೆಳೆತನ ಉಳಿಯುತ್ತದೆ. ಮಗು ತರಗತಿಯಲ್ಲಿ ಒಂಟಿಯಾಗಿ, ಬೇಸರದಿಂದ ಕೂರುವ ಸ್ಥಿತಿ ಇದ್ದರೆ ಸೆಂಟರಿಗೆ ಕಳಿಸಿ. ಇದು ಮಗುವನ್ನು ನೋಡಿ ಮಾಡುವ ತೀರ್ಮಾನ. ಪಕ್ಕದ ಮನೆಯವರು ಏನು ಮಾಡಿದರು ಎನ್ನುವುದಕ್ಕೆ ಇಲ್ಲಿ ಜಾಗವಿಲ್ಲ.

ಮಿಡ್ಲ್ ಸ್ಕೂಲಿಗೆ ಬಂದಾಗ ಈ ಚಿಂತೆ ಸ್ವಲ್ಪ ಹಗುರಾಗುತ್ತದೆ. ಏಳು ಮತ್ತು ಎಂಟನೇ ತರಗತಿಯ ಆನರ್ಸ್ (ಸಾಮಾನ್ಯಕ್ಕಿಂತ ಮೇಲಿನ ಮಟ್ಟದ) ಪಾಠಗಳಿಗೆ ಎಎಪಿ ಅರ್ಹತೆ ಬೇಕಿಲ್ಲ, ಯಾವ ಮಗು ಬೇಕಾದರೂ ಸೇರಬಹುದು.

ಹಂತ 6: ಬೋರ್ಡಿಗೆ ನಿಮ್ಮ ಮಾತು ಮುಟ್ಟಿಸಿ

ಸ್ಕೂಲ್ ಬೋರ್ಡಿನಲ್ಲಿ ಮತ ಹಾಕುವ ಸದಸ್ಯರು 12. ಕೌಂಟಿಯ ಒಂಬತ್ತು ಜಿಲ್ಲೆಗಳಿಂದ ಒಬ್ಬೊಬ್ಬರು, ಇಡೀ ಕೌಂಟಿಗೆ ಸೇರಿ ಮೂವರು. ಜನರೇ ನಾಲ್ಕು ವರ್ಷಕ್ಕೊಮ್ಮೆ ಆರಿಸುತ್ತಾರೆ. ಮತ ಹಾಕದ ಒಬ್ಬ ವಿದ್ಯಾರ್ಥಿ ಪ್ರತಿನಿಧಿಯೂ ಇರುತ್ತಾರೆ. ನಿಮ್ಮ ಜಿಲ್ಲೆ ಯಾವುದೆಂದು ತಿಳಿದುಕೊಳ್ಳಿ: ಶಾಂಟಿಲಿ, ಸೆಂಟರ್‌ವಿಲ್ ಕಡೆ ಹೆಚ್ಚಾಗಿ ಸಲ್ಲಿ, ರೆಸ್ಟನ್ ಕಡೆ ಹಂಟರ್ ಮಿಲ್. ಆ ಸದಸ್ಯರಿಗೂ, ಇಡೀ ಕೌಂಟಿಯ ಆ ಮೂವರಿಗೂ ಬರೆಯಿರಿ.

ನಾಗರಿಕತ್ವ ಇಲ್ಲ, ಎಚ್1ಬಿ ವೀಸಾದಲ್ಲಿದ್ದೇವೆ, ನಮಗೆ ಮಾತಾಡುವ ಹಕ್ಕು ಎಲ್ಲಿ ಎಂದು ಹಿಂಜರಿಯುವವರು ನಮ್ಮಲ್ಲಿ ಬಹಳ. ಮತ ಹಾಕಲು ನಾಗರಿಕತ್ವ ಬೇಕು, ನಿಜ. ಪತ್ರ ಬರೆಯಲು, ಸಮುದಾಯದ ಸಭೆಗೆ ಹೋಗಲು, ಸಾರ್ವಜನಿಕ ವಿಚಾರಣೆಯಲ್ಲಿ ಮಾತಾಡಲು ಬೇಕಿಲ್ಲ. ನಿಮ್ಮ ಮಗು ಆ ಶಾಲೆಯ ಮಗು. ದಯವಿಟ್ಟು ಸುಮ್ಮನಿರಬೇಡಿ. ಸಭೆಗೆ ಬಾರದವರ ಬೀದಿ ಯಾರ ಮನಸ್ಸಿಗೂ ಬರುವುದಿಲ್ಲ.

ಸಮಯವೇ ಇಲ್ಲಿ ಎಲ್ಲ. ನಕ್ಷೆಯ ಮೊದಲ ಕರಡುಗಳು ಬಂದಾಗ ನಡೆಯುವ ಸಮುದಾಯದ ಸಭೆಗಳಲ್ಲಿ ಗೆರೆಗಳು ಇನ್ನೂ ಪೆನ್ಸಿಲಿನಲ್ಲಿರುತ್ತವೆ. ಬೋರ್ಡಿನ ಅಂತಿಮ ಮತದ ಗುರುವಾರ ಸಂಜೆ ಲೂಥರ್ ಜ್ಯಾಕ್ಸನ್ ಮಿಡ್ಲ್ ಸ್ಕೂಲಿನ ಸಭಾಂಗಣಕ್ಕೆ ಇಡೀ ಬೀದಿ ಹೋಗಿ ಕೂತರೂ ಅಷ್ಟು ಹೊತ್ತಿಗೆ ಮಾತು ಮುಗಿದಿರುತ್ತದೆ.

ಪತ್ರ ಅರ್ಧ ಪುಟ ಸಾಕು. ಮೊದಲ ಸಾಲಿನಲ್ಲಿ ನಿಮ್ಮ ಬಡಾವಣೆ, ಮಗುವಿನ ತರಗತಿ, ಬೇಸ್ ಸ್ಕೂಲು. ಎರಡನೆಯದರಲ್ಲಿ ಪ್ರಸ್ತಾಪದ ಯಾವ ಭಾಗದ ಬಗ್ಗೆ ಮಾತು ಎನ್ನುವುದು. ಆಮೇಲೆ ಕಣ್ಣಿಗೆ ಕಾಣುವ ಒಂದು ಸಂಗತಿ, ಕೊನೆಗೆ ಏನು ಮಾಡಬೇಕೆಂಬ ಸಲಹೆ. ಹೀಗೆ:

"ನಮ್ಮ ಬಡಾವಣೆಯ 40 ಮನೆಗಳ ಮಕ್ಕಳು ಈಗ ನಡೆದು ಶಾಲೆಗೆ ಹೋಗುತ್ತಾರೆ. ಪ್ರಸ್ತಾಪದಂತೆ ಹೋದರೆ ಅವರು ನಾಲ್ಕು ಲೇನಿನ ರಸ್ತೆಯ ಆಚೆಗಿನ ಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ಈಗಿನ ಶಾಲೆಯ ಒತ್ತಡಕ್ಕೆ ಸೆಂಟರ್ ತರಗತಿಗಳೂ ಕಾರಣ. ಮಕ್ಕಳನ್ನು ಕಳಿಸುವ ಶಾಲೆಗಳಲ್ಲಿ ಲೋಕಲ್ ಲೆವೆಲ್ ಫೋರ್ ಬಲಪಡಿಸಿದರೆ ಗಡಿ ಬದಲಿಸದೆ ಜಾಗ ಸಿಗಬಹುದೇ ಎಂದು ಮೊದಲು ಲೆಕ್ಕ ಹಾಕಿಸಿ."

ಉದಾಹರಣೆಯ ಅಂಕಿಯನ್ನು ಬಿಟ್ಟು ನಿಮ್ಮ ಬಡಾವಣೆಯದನ್ನು ಎಣಿಸಿ ಹಾಕಿ, ಇಂಗ್ಲಿಷಿನಲ್ಲಿ ಕಳಿಸಿ.

ಮನೆಯ ಬೆಲೆ ಇಳಿಯುತ್ತದೆ ಎಂದು ಬರೆಯಬೇಡಿ. "ಆ ಶಾಲೆಯ ಮಕ್ಕಳ ಜೊತೆ ನಮ್ಮ ಮಕ್ಕಳು ಬೇಡ" ಎಂಬರ್ಥ ಬರುವ ಒಂದು ಪದವೂ ಬೇಡ. ಅದು ತಪ್ಪು, ಆ ಶಾಲೆಯ ಮಕ್ಕಳಿಗೆ ನೋವು ಕೊಡುತ್ತದೆ, ನಾಳೆ ನಿಮ್ಮ ಮಗು ಅಲ್ಲಿಗೇ ಹೋಗಬೇಕಾಗಿ ಬರಬಹುದು. ನೂರು ಮಂದಿ ಒಂದೇ ಪತ್ರದ ನಕಲು ಕಳಿಸುವ ಬದಲು ಹತ್ತು ಮಂದಿ ತಮ್ಮ ತಮ್ಮ ಮಾತಿನಲ್ಲಿ ಬರೆದರೆ ಓದುವವರ ಮನಸ್ಸಿಗೆ ಹೆಚ್ಚು ತಾಗುತ್ತದೆ.

ಹಂತ 7: ಹೈಸ್ಕೂಲಿನ ಲೆಕ್ಕ

ಹೈಸ್ಕೂಲಿನ ಗಡಿ ಬದಲಾದಾಗ ಮೊದಲು ನೋಡಬೇಕಾದದ್ದು, ಹೊಸ ಶಾಲೆಯಲ್ಲಿರುವುದು ಎಪಿಯೋ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್) ಐಬಿಯೋ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಎಂದು. ಎಪಿಯಲ್ಲಿ ಮಗು ತನಗೆ ಬೇಕಾದ ವಿಷಯವನ್ನು ಬಿಡಿಬಿಡಿಯಾಗಿ ಕಾಲೇಜು ಮಟ್ಟದಲ್ಲಿ ಓದಬಹುದು. ಐಬಿಯಲ್ಲಿ ಬಿಡಿ ವಿಷಯ ಓದಬಹುದಾದರೂ ಅದರ ಪೂರ್ತಿ ಡಿಪ್ಲೊಮಾ ಎಂದರೆ ಹನ್ನೊಂದು-ಹನ್ನೆರಡನೇ ತರಗತಿಗಳಿಗೆ ಹಬ್ಬಿದ ಒಂದು ಕಟ್ಟು. ಫೇರ್‌ಫ್ಯಾಕ್ಸ್‌ನಲ್ಲಿ ಸೌತ್ ಲೇಕ್ಸ್, ಮಾರ್ಷಲ್, ರಾಬಿನ್ಸನ್, ಎಡಿಸನ್ ಇಂಥವು ಐಬಿ ಶಾಲೆಗಳು. ಶಾಂಟಿಲಿ, ವೆಸ್ಟ್‌ಫೀಲ್ಡ್, ಓಕ್‌ಟನ್ ಎಪಿ ಶಾಲೆಗಳು. ನಿಮ್ಮ ಬೇಸ್ ಹೈಸ್ಕೂಲಿನಲ್ಲಿ ಇಲ್ಲದ ಕಾರ್ಯಕ್ರಮಕ್ಕಾಗಿ ವರ್ಗಾವಣೆ ಕೇಳಬಹುದು. ಗಡುವಿನೊಳಗೆ ಅರ್ಜಿ ಹಾಕಬೇಕು, ಕರೆದೊಯ್ಯುವ ಹೊಣೆ ನಿಮ್ಮದು.

ಟಿಜೆ, ಅಂದರೆ ಥಾಮಸ್ ಜೆಫರ್‌ಸನ್ ವಿಜ್ಞಾನ-ತಂತ್ರಜ್ಞಾನ ಹೈಸ್ಕೂಲಿನ ಆಸೆ ಇರುವವರಿಗೆ ಒಂದು ಮಾತು. 2020ರಲ್ಲಿ ಪ್ರವೇಶದ ನಿಯಮ ಬದಲಾಗಿ, ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿಗೂ ಅದರ ಎಂಟನೇ ತರಗತಿಯ ಸಂಖ್ಯೆಯ ನೂರಕ್ಕೆ ಒಂದೂವರೆಯಷ್ಟು ಸೀಟು ಮೀಸಲಾಯಿತು. ಇದರ ವಿರುದ್ಧದ ದಾವೆಯಲ್ಲಿ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ನಿಯಮವನ್ನು ಎತ್ತಿಹಿಡಿಯಿತು, 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಹೀಗಾಗಿ ಟಿಜೆಗೆ ಅರ್ಜಿ ಹಾಕುವವರು ಹೆಚ್ಚಿರುವ ಸೆಂಟರ್ ಮಿಡ್ಲ್ ಸ್ಕೂಲುಗಳಲ್ಲಿ ಸ್ಪರ್ಧೆಯೂ ಹೆಚ್ಚು. ಆದರೆ ಈ ಲೆಕ್ಕಕ್ಕಾಗಿ ಹನ್ನೊಂದು ವರ್ಷದ ಮಗುವನ್ನು ಶಾಲೆಯಿಂದ ಶಾಲೆಗೆ ಎಳೆದಾಡುವುದು ಸರಿ ಎಂದು ನನಗೆ ಅನ್ನಿಸುವುದಿಲ್ಲ.

ಹಂತ 8: ಮನೆ ಕೊಳ್ಳುವವರು, ಬಾಡಿಗೆಗೆ ಬರುವವರು

ಮನೆ ನೋಡುವಾಗ ಅದು ಗಡಿಯ ಗೆರೆಯಿಂದ ಎಷ್ಟು ದೂರ, ಬೇಸ್ ಸ್ಕೂಲು ಎಷ್ಟು ತುಂಬಿದೆ, ಸ್ಪ್ಲಿಟ್ ಫೀಡರ್ ಹೌದೇ ಎಂದು ನೋಡಿ. ಗೆರೆಯ ಅಂಚಿನ ಮನೆ, ತುಂಬಿ ತುಳುಕುವ ಶಾಲೆ, ಪಕ್ಕದಲ್ಲೇ ಜಾಗ ಖಾಲಿ ಇರುವ ಇನ್ನೊಂದು ಶಾಲೆ, ಈ ಮೂರೂ ಒಟ್ಟಿಗೆ ಇದ್ದರೆ ಬದಲಾವಣೆಗೆ ತಯಾರಾಗಿಯೇ ಕೊಳ್ಳಿ. ಒಂದೇ ಶಾಲೆಯ ಹೆಸರಿಗಾಗಿ ಕೈಮೀರಿದ ಸಾಲ ಮಾಡಬೇಡಿ. ಸಾಲ 30 ವರ್ಷದ್ದು, ಗಡಿಯ ಪರಿಶೀಲನೆ ಐದು ವರ್ಷಕ್ಕೊಮ್ಮೆ.

ಸ್ನೇಹಿತರ ವಿಳಾಸ ಕೊಟ್ಟು ಮಗುವನ್ನು ಸೇರಿಸುವ ಸಲಹೆ ಯಾರಾದರೂ ಕೊಟ್ಟರೆ ಅಲ್ಲೇ ನಿಲ್ಲಿಸಿ. ವರ್ಜೀನಿಯಾದಲ್ಲಿ ಮಗುವಿನ ವಾಸಸ್ಥಳದ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳುವುದು ಅಪರಾಧ. ಜೊತೆಗೆ ಶಾಲೆಯ ಖರ್ಚನ್ನೂ ಕಟ್ಟಿಸಿಕೊಳ್ಳಬಹುದು. ವೀಸಾದಲ್ಲಿರುವವರಿಗೆ ಅಪರಾಧದ ದಾಖಲೆ ಏನು ತರಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಆಶ್‌ಬರ್ನ್, ಸೌತ್ ರೈಡಿಂಗ್ ಕಡೆಯ ಗೆಳೆಯರು ಗಮನಿಸಿ: ನಿಮ್ಮದು ಲೌಡನ್ ಕೌಂಟಿ. ಬೋರ್ಡು ಬೇರೆ, ಮುಂದಿರುವ ಮಕ್ಕಳ ಕಾರ್ಯಕ್ರಮ ಬೇರೆ, ಗಡುವುಗಳೂ ಬೇರೆ. ಇಲ್ಲಿ ಹೇಳಿದ ಲೆವೆಲ್, ಸೆಂಟರ್ ಯಾವುದೂ ಅಲ್ಲಿಗೆ ಹೊಂದುವುದಿಲ್ಲ.

ಹಂತ 9: ತೀರ್ಮಾನ ಬಂದ ಮೇಲೆ

ಶಾಲೆ ಬದಲಾಗುವುದು ಖಚಿತವಾದ ದಿನವೇ ಮಾಡಬೇಕಾದ ಮೊದಲ ಕೆಲಸ, ಶಾಲೆ ಬಿಟ್ಟ ಮೇಲೆ ಮಗು ಎಲ್ಲಿರುತ್ತದೆ ಎಂದು ವಿಚಾರಿಸುವುದು. ಕೌಂಟಿಯವರು ನಡೆಸುವ ಸ್ಯಾಕ್ ಎಂಬ ಆರೈಕೆ ಕೇಂದ್ರಗಳು ಎಲಿಮೆಂಟರಿ ಶಾಲೆಗಳ ಒಳಗೇ ಇರುತ್ತವೆ. ಹಳೆಯ ಶಾಲೆಯಲ್ಲಿ ಜಾಗ ಇತ್ತು ಎಂದು ಹೊಸ ಶಾಲೆಯಲ್ಲೂ ಇರುತ್ತದೆ ಎಂದುಕೊಳ್ಳಬೇಡಿ, ಕಾಯುವ ಪಟ್ಟಿ ಉದ್ದವಿರುತ್ತದೆ. ಸೆಂಟರಿಗೆ ಹೋಗುವ ಮಗುವಿಗೂ ಇದೇ ಮಾತು.

ಎರಡನೆಯದು ಬಸ್ಸು. ಸೆಂಟರಿನ ಬಸ್ಸು ಕೆಲವೊಮ್ಮೆ ಮನೆಯ ಮುಂದೆ ಬರದೆ ಸ್ವಲ್ಪ ದೂರದ ನಿಲ್ದಾಣದಲ್ಲಿ ನಿಲ್ಲುತ್ತದೆ. ಶಾಲೆ ಶುರುವಾಗುವ ಹಿಂದಿನ ವಾರ ಮಗುವನ್ನು ಕರೆದುಕೊಂಡು ಆ ನಿಲ್ದಾಣದವರೆಗೆ ಒಮ್ಮೆ ನಡೆದು ಬನ್ನಿ.

ಮೂರನೆಯದು, ಮಗುವಿಗೆ ನೀವೇ ಹೇಳಿ. ಬೇರೆ ಮಕ್ಕಳ ಬಾಯಿಂದ ಕೇಳುವ ಮೊದಲೇ ಹೇಳಿ. ನಾವು ಹೇಳಿದಾಗ ನಮ್ಮ ಮಗಳು ಲೆವೆಲ್ ಫೋರಿನ ಬಗ್ಗೆ ಏನೂ ಕೇಳಲಿಲ್ಲ. "ಅಲ್ಲಿ ಊಟಕ್ಕೆ ನನ್ನ ಪಕ್ಕ ಯಾರು ಕೂರ್ತಾರೆ?" ಎಂದಳು. ಅದಕ್ಕೆ ನಾವು ಮಾಡಿದ್ದು ಇಷ್ಟೇ: ಹೊಸ ಶಾಲೆಗೆ ಹೋಗುವ ಇನ್ನೊಂದು ಮನೆಯ ಹುಡುಗಿಯನ್ನು ಹುಡುಕಿ, ಆಗಸ್ಟಿನ ಎರಡು ಸಂಜೆ ಇಬ್ಬರನ್ನೂ ಆ ಶಾಲೆಯ ಮೈದಾನಕ್ಕೆ ಆಡಲು ಬಿಟ್ಟೆವು. ಮೊದಲ ದಿನ ಇಬ್ಬರೂ ಕೈಹಿಡಿದುಕೊಂಡೇ ಬಸ್ಸು ಹತ್ತಿದರು.